ಕ್ಲೋರಿನಕ್ಕನ ಮನೆಯ ಮೂರು ನೀರು

ಆ ಮನೆಗೆ ಹೋದವರಿಗೆ ಮೊದಲು ಎದುರಾಗುತ್ತಿದ್ದ ಕಷ್ಟ ನೀರಿನದು. ನೀರಿರಲಿಲ್ಲ ಅಂತಲ್ಲ, ವಿಪರೀತ ಇತ್ತು, ಅದೂ ಮೂರು ಬಗೆಯದು. "ಕುಡಿಯೋಕೆ ಒಂದು ಲೋಟ ನೀರು ಸಿಗುತ್ತಾ?" ಎಂದು ಬಾಯಿ ತಪ್ಪಿ ಕೇಳಿದರೆ ಮೂರು ಲೋಟಗಳು ಮೂರು ಕಡೆಯಿಂದ ಬರುತ್ತಿದ್ದವು. ಒಂದು ಅಡುಗೆಮನೆಯ ನಲ್ಲಿಯಿಂದ ಆಗಷ್ಟೇ ಹಿಡಿದದ್ದು, ಅದನ್ನು ತರುತ್ತಿದ್ದವಳು ಮನೆಯೊಡತಿ. ಇನ್ನೊಂದು ಮೂಲೆಯಲ್ಲಿ ತಲೆಕೆಳಗಾಗಿ ಕೂತ ಇಪ್ಪತ್ತು ಲೀಟರಿನ ಕ್ಯಾನಿನದು, ಅದು ಅವಳ ಗಂಡನದು. ಮೂರನೆಯದು ಕಟ್ಟೆಯ ಮೇಲಿದ್ದ ಹಳೆಯ ಸ್ಟೀಲ್ ಫಿಲ್ಟರಿನಿಂದ ತೊಟ್ಟಿಕ್ಕಿದ್ದು, ಅದು ಅತ್ತೆಯದು. ಬಂದವರ ಕೈ ಯಾವ ಲೋಟದ ಕಡೆ ಹೋಗುತ್ತದೆ ಎಂದು ಮೂವರೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮೊದಲ ಸಲ ಬಂದವರು ಬೆವರುತ್ತಿದ್ದರು. ಎರಡನೇ ಸಲ ಬಂದವರು ಬಾಯಾರಿಕೆಯನ್ನು ನುಂಗಿಕೊಂಡು "ಚಹಾ ಇದ್ರೆ ಸಾಕು" ಅನ್ನುತ್ತಿದ್ದರು.

ಈ ಮನೆಯೊಡತಿಯನ್ನು ಬೀದಿಯವರೆಲ್ಲ ಕ್ಲೋರಿನಕ್ಕ ಎನ್ನುತ್ತಿದ್ದರು. ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ಅವಳದು ಇಪ್ಪತ್ತೊಂಬತ್ತು ವರ್ಷದ ನೌಕರಿ. ಬೆಳಿಗ್ಗೆ ಎಂಟಕ್ಕೆ ಇಲಾಖೆಯ ಜೀಪು ಹತ್ತಿದರೆ ಮಧ್ಯಾಹ್ನದವರೆಗೆ ಬೀದಿ ಬೀದಿ ಸುತ್ತಾಟ. ನಲ್ಲಿಯ ಬಾಯನ್ನು ಸ್ಪಿರಿಟ್ ದೀಪದಿಂದ ಸುಡಬೇಕು, ಎರಡು ನಿಮಿಷ ನೀರನ್ನು ಸುಮ್ಮನೆ ಹರಿಯಬಿಡಬೇಕು, ಆಮೇಲೆ ಮುಚ್ಚಳದ ಒಳಮೈಗೆ ಬೆರಳು ಸೋಕದಂತೆ ಬಾಟಲಿ ತುಂಬಬೇಕು. ಇನ್ನೊಂದಿಷ್ಟು ನೀರಿಗೆ ಚಿಟಿಕೆ ಪುಡಿ ಉದುರಿಸಿ ಗುಲಾಬಿ ಬಣ್ಣ ಬರುತ್ತದೋ ಇಲ್ಲವೋ ನೋಡಬೇಕು. ಗುಲಾಬಿ ಬಂತೆಂದರೆ ನೀರಿನಲ್ಲಿ ಕ್ಲೋರಿನ್ ಇದೆ, ಕ್ರಿಮಿಗಳಿಗೆ ಉಳಿಗಾಲವಿಲ್ಲ ಎಂದು ಅರ್ಥ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಗುಲಾಬಿಯನ್ನು ಎಷ್ಟು ಸಾವಿರ ಸಲ ನೋಡಿದ್ದಳೋ, ಪ್ರತಿ ಸಲವೂ ಅವಳ ಮುಖ ತನ್ನ ಮಗುವೇ ಪಾಸಾದಂತೆ ಅರಳುತ್ತಿತ್ತು.

"ಈ ಊರಲ್ಲಿ ನಲ್ಲಿ ನೀರಿನಷ್ಟು ಪರೀಕ್ಷೆ ಬರೆದೋರು ಇನ್ಯಾರೂ ಇಲ್ಲ. ದಿನಾ ಬರೆಯುತ್ತೆ, ದಿನಾ ಪಾಸಾಗುತ್ತೆ. ನೀವೂ ನಾನೂ ಒಂದ್ಸಲ ಬರೆದು ಕೈ ತೊಳ್ಕೊಂಡೋರು!" ಎಂದು ಅವಳು ಮೆಟ್ಟಿಲ ಮೇಲೆ, ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದಳು. ಯಾರ ಕೈಯಲ್ಲಾದರೂ ಬಾಟಲಿ ನೀರು ಕಂಡರಂತೂ ಮುಗಿಯಿತು. ಆ ಬಾಟಲಿ ಎಷ್ಟು ದಿನ ಯಾವ ಗೋದಾಮಿನ ಬಿಸಿಲಲ್ಲಿ ಕೂತಿತ್ತು ಎಂಬಲ್ಲಿಂದ ಶುರುವಾದ ಭಾಷಣ ಆ ಮನುಷ್ಯ ಬಾಟಲಿಯನ್ನು ಚೀಲದೊಳಗೆ ತುರುಕುವವರೆಗೂ ನಿಲ್ಲುತ್ತಿರಲಿಲ್ಲ.

ಗಂಡನದು ಕನ್ನಡಕದ ಅಂಗಡಿ. ದಿನವಿಡೀ ಗಾಜು ಒರೆಸಿ ಒರೆಸಿ ಅವನಿಗೆ ಪಾರದರ್ಶಕವಾದ ಎಲ್ಲದರ ಮೇಲೂ ಅಪಾರ ಗೌರವ ಬಂದುಬಿಟ್ಟಿತ್ತು. ಕ್ಯಾನಿನ ನೀರನ್ನು ಲೋಟಕ್ಕೆ ಹಿಡಿದು, ಬೆಳಕಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ, "ಆಹಾ, ಸೊನ್ನೆ ಪವರ್!" ಎಂದು ಕುಡಿಯುತ್ತಿದ್ದ. ಹೆಂಡತಿಯ ಭಾಷಣ ಅವನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬೀಳುತ್ತಿತ್ತು. ಜಗಳವಾಡುವ ಜಾಯಮಾನ ಅವನದಲ್ಲ. ಕ್ಯಾನ್ ತರುವವನಿಗೆ ಮಾತ್ರ ಹೆಂಡತಿ ಜೀಪು ಹತ್ತಿದ ಮೇಲೆ ಬಾ ಎಂದು ಹೇಳಿಟ್ಟಿದ್ದ, ಅಷ್ಟೇ.

ಅತ್ತೆಗೆ ಎಪ್ಪತ್ತಾರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಕಿವಿ ಆಗಲೇ ಸವೆದಿತ್ತು, ಉಳಿದ ಶಕ್ತಿಯೆಲ್ಲ ಮೂಗಿಗೆ ಬಂದು ಸೇರಿತ್ತು. ಕೆಳಗಿನ ಮನೆಯಲ್ಲಿ ಬ್ರೆಡ್ ಸೀದರೆ ಸುಟ್ಟವರಿಗಿಂತ ಮೊದಲು ಇವರಿಗೆ ಗೊತ್ತಾಗುತ್ತಿತ್ತು. ನಲ್ಲಿ ನೀರಿನ ಮೇಲೆ ಅವರ ದೂರು ಒಂದೇ: "ಇದೇನು ನೀರೇ ತಾಯಿ, ಆಸ್ಪತ್ರೆ ವಾರ್ಡನ್ನೇ ಹಿಂಡಿ ಕೊಟ್ಟ ಹಾಗಿದೆ!" ಅದಕ್ಕೇ ಅವರು ಅದೇ ನೀರನ್ನು ತಮ್ಮ ಸ್ಟೀಲ್ ಫಿಲ್ಟರಿಗೆ ಸುರಿದು, ಅರ್ಧ ದಿನ ಕಾದು, ಅದರೊಳಗಿನ ಬಿಳಿ ಪಿಂಗಾಣಿ ಕ್ಯಾಂಡಲಿನಿಂದ ತೊಟ್ಟು ತೊಟ್ಟಾಗಿ ಇಳಿದದ್ದನ್ನು ಕುಡಿಯುತ್ತಿದ್ದರು. ಸೊಸೆಯ ಉತ್ತರವೂ ಒಂದೇ: "ಆ ವಾಸನೆಯೇ ಅದರ ಸರ್ಟಿಫಿಕೇಟು, ಅತ್ತೆ."

ಹೀಗಿರುವಾಗ ಒಂದು ದಿನ ಅತ್ತೆ ಊಟಕ್ಕೆ ಕೂತವರು ಸೊಸೆಯ ನಲ್ಲಿ ನೀರನ್ನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, "ಇತ್ತೀಚೆಗೆ ನಿನ್ನ ನೀರು ಪರವಾಗಿಲ್ಲ ಕಣಮ್ಮ. ಆ ಹಾಳು ವಾಸನೆ ಹೋಗಿದೆ. ಈಗ ನೀರು ನೀರಿನ ಹಾಗಿದೆ" ಅಂದರು.

ಮದುವೆಯಾದ ಮೇಲೆ ಅತ್ತೆ ಅವಳ ನೀರನ್ನು ಹೊಗಳಿದ್ದು ಅದೇ ಮೊದಲು. ಕ್ಲೋರಿನಕ್ಕ ಉಬ್ಬಿಹೋದಳು. ಮಾರನೆಯ ದಿನ ಪ್ರಯೋಗಾಲಯದಲ್ಲಿ ಎಲ್ಲರಿಗೂ ಬಿಸ್ಕತ್ತು ಹಂಚಿದಳು. ಆ ಮಾತನ್ನು ಇನ್ನೊಂದು ಸಲ ತಿರುಗಿಸಿ ನೋಡುವ ಯೋಚನೆ ಅವಳಿಗೆ ಬರಲಿಲ್ಲ. ಹೊಗಳಿಕೆಯನ್ನು ಯಾರು ತಾನೇ ಪರೀಕ್ಷೆಗೆ ಕಳಿಸುತ್ತಾರೆ?

ಅದಾದ ಕೆಲವು ವಾರಕ್ಕೆ ಅವಳ ಹೊಟ್ಟೆ ಗುಡುಗುಡು ಅನ್ನತೊಡಗಿತು. ದೊಡ್ಡದೇನಲ್ಲ, ಜೀಪಿನಲ್ಲಿ ಕೂತಾಗ ಒಂದು ತಿರುವು, ಮಧ್ಯಾಹ್ನ ಇನ್ನೊಂದು ತಿರುವು. ಅವಳು ನೇರವಾಗಿ ಆಫೀಸಿನ ಕ್ಯಾಂಟೀನಿನವರ ಬಳಿ ಹೋಗಿ, "ನಿಮ್ಮ ಬನ್ನು ಹಳಸಿದ್ದು ಕಣ್ರೀ. ಜನಗಳ ಹೊಟ್ಟೆ ಜೊತೆ ಆಟ ಆಡ್ಬೇಡಿ" ಎಂದು ನಾಲ್ಕು ಜನರೆದುರು ಬೈದು ಬಂದಳು. ಬನ್ನು ಬಿಟ್ಟಳು. ಹೊಟ್ಟೆ ಮಾತ್ರ ತನ್ನ ಪಾಡಿಗೆ ಗುಡುಗುತ್ತಲೇ ಇತ್ತು. ಅತ್ತೆಗೂ ಎರಡು ದಿನ ಹಾಗೇ ಆಯಿತು. ಅವರು ವಯಸ್ಸನ್ನು ಬೈದುಕೊಂಡು ಸುಮ್ಮನಾದರು.

ಒಂದು ಬುಧವಾರ, ಸೊಸೆ ಕೆಲಸಕ್ಕೆ ಹೋಗಿದ್ದಾಗ, ಟೈ ಕಟ್ಟಿಕೊಂಡ ಒಬ್ಬರು ಬಾಗಿಲು ತಟ್ಟಿದರು. ನೀರು ಶುದ್ಧ ಮಾಡುವ ಯಂತ್ರ ಮಾರುವವರು. ಅವರು ಅತ್ತೆಯೆದುರು ಅದೇನು ಮಾಡಿ ತೋರಿಸಿದರೋ, ಸಂಜೆ ಕ್ಲೋರಿನಕ್ಕ ಮನೆಗೆ ಬರುವಷ್ಟರಲ್ಲಿ ಅತ್ತೆ ನಲ್ಲಿಗೆ ಒಂದು ಬಟ್ಟೆ ಸುತ್ತಿ ಗಂಟು ಹಾಕಿಬಿಟ್ಟಿದ್ದರು.

"ಅತ್ತೆ, ಇದೇನಿದು?"

"ಮಾತಾಡ್ಬೇಡ. ನಾನು ಕಣ್ಣಾರೆ ನೋಡಿದೀನಿ. ನಿನ್ನ ನೀರಲ್ಲಿ ಏನೇನಿದೆ ಅಂತ ನೋಡಿದ್ರೆ ನೀನೇ ಮೂರ್ಛೆ ಹೋಗ್ತಿದ್ದೆ. ಭಾನುವಾರ ಬರೋಕೆ ಹೇಳಿದೀನಿ. ನಿನ್ನೆದುರೇ ಮಾಡಿ ತೋರಿಸ್ತಾರಂತೆ."

ಭಾನುವಾರ ಟೈನವರು ಬಂದರು. ನಲವತ್ತೈದು ದಾಟಿದ ಮನುಷ್ಯ, ಮೊದಲು ಬಟ್ಟೆ ಅಂಗಡಿಯಲ್ಲಿದ್ದವರಂತೆ. ಬೂಟಿನ ಹಿಮ್ಮಡಿ ಒಂದು ಕಡೆ ಸವೆದಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಎರಡು ಗಾಜಿನ ಲೋಟಗಳನ್ನಿಟ್ಟು, ಒಂದಕ್ಕೆ ಅಡುಗೆಮನೆಯ ನಲ್ಲಿ ನೀರು, ಇನ್ನೊಂದಕ್ಕೆ ತಮ್ಮ ಯಂತ್ರದ ನೀರು ಸುರಿದರು. ಗಂಡ ಆಸೆ ತಡೆಯಲಾರದೆ ತನ್ನ ಕ್ಯಾನಿನ ನೀರಿನ ಮೂರನೇ ಲೋಟವನ್ನೂ ತಂದಿಟ್ಟ. ಟೈನವರು ಚೀಲದಿಂದ ಒಂದು ಉಪಕರಣ ತೆಗೆದರು. ಅದರ ಕೆಳಗೆ ಲೋಹದ ಕಡ್ಡಿಗಳು, ಮೇಲೆ ಒಂದು ವೈರು. ಕಡ್ಡಿಗಳನ್ನು ನಲ್ಲಿ ನೀರಿಗೆ ಇಳಿಸಿ ಸ್ವಿಚ್ ಒತ್ತಿದರು.

ಅರ್ಧ ನಿಮಿಷದಲ್ಲಿ ನೀರು ಹಳದಿಯಾಯಿತು. ಒಂದು ನಿಮಿಷಕ್ಕೆ ಕಂದು. ಆಮೇಲೆ ತುಕ್ಕಿನ ಬಣ್ಣದ ಗಸಿ ಮೇಲೆದ್ದು ತೇಲತೊಡಗಿತು. ಅತ್ತೆ "ಅಯ್ಯಯ್ಯೋ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಯಂತ್ರದ ನೀರಿಗೆ ಅದೇ ಕಡ್ಡಿಗಳನ್ನು ಇಳಿಸಿದರೆ ಏನೂ ಆಗಲಿಲ್ಲ. ಕ್ಯಾನಿನ ನೀರೂ ಬಹುಮಟ್ಟಿಗೆ ತಿಳಿಯಾಗೇ ಉಳಿಯಿತು. ಗಂಡ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ವಿಜಯದ ನಗೆ ನಕ್ಕ.

"ನೋಡಿ ಮೇಡಂ, ಇದು ದಿನಾ ನಿಮ್ಮ ಹೊಟ್ಟೆಗೆ ಹೋಗ್ತಿರೋ ಕೊಳೆ" ಅಂದರು ಟೈನವರು, ದುಃಖ ತುಂಬಿದ ದನಿಯಲ್ಲಿ.

ಕ್ಲೋರಿನಕ್ಕ ಇಷ್ಟು ಹೊತ್ತೂ ಕೈ ಕಟ್ಟಿ ಕೂತಿದ್ದಳು. ಈಗ ಎದ್ದು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತಂದಳು. "ಸ್ವಲ್ಪ ಉಪ್ಪು ಹಾಕ್ತೀನಿ, ಅಡ್ಡಿ ಇಲ್ವಲ್ಲ? ಉಪ್ಪು ಕೊಳೆ ಅಲ್ಲ ಅಂತ ಒಪ್ತೀರಿ ತಾನೆ?"

"ಒಪ್ತೀನಿ ಮೇಡಂ. ಉಪ್ಪು ಹೇಗೆ ಕೊಳೆ ಆಗುತ್ತೆ?"

ಅವಳು ಯಂತ್ರದ ನೀರಿಗೆ ಒಂದು ಚಿಟಿಕೆ, ಕ್ಯಾನಿನ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಚಮಚದಲ್ಲಿ ಕದಡಿದಳು. ಕಡ್ಡಿಗಳನ್ನು ಇಳಿಸಿ ತಾನೇ ಸ್ವಿಚ್ ಒತ್ತಿದಳು. ಯಂತ್ರದ ನೀರು ಕಂದಾಯಿತು. ಕಂದು ಕಡುಕಂದಾಯಿತು. ನಲ್ಲಿ ನೀರಿಗಿಂತ ಎರಡು ಪಟ್ಟು ಗಸಿ ಮೇಲೆ ಬಂತು. ಕ್ಯಾನಿನ ನೀರಿನ ಗತಿಯೂ ಅದೇ. ಗಂಡ ತನ್ನ ಲೋಟವನ್ನು ನೋಡಿ ಕೂತಲ್ಲೇ ಕುಗ್ಗಿದ.

"ಇದು ನೀರಿನ ಕೊಳೆ ಅಲ್ಲ ರೀ, ನಿಮ್ಮ ಕಬ್ಬಿಣದ ಕಡ್ಡಿ ಕರಗಿ ಬರೋ ತುಕ್ಕು" ಅಂದಳು ಕ್ಲೋರಿನಕ್ಕ. "ನೀರಲ್ಲಿ ಲವಣ ಇದ್ರೆ ಕರೆಂಟು ಹರಿಯುತ್ತೆ, ಕಡ್ಡಿ ಕರಗುತ್ತೆ. ಲವಣ ಇಲ್ಲದಿದ್ರೆ ಹರಿಯಲ್ಲ, ನೀರು ತಿಳಿಯಾಗೇ ಇರುತ್ತೆ. ಇದರಲ್ಲಿ ಕೊಳೆಯ ಮಾತೇ ಇಲ್ಲ."

ಟೈನವರು ಕಡ್ಡಿಗಳನ್ನು ಎತ್ತಿ ನೋಡಿದರು. ತುದಿಗಳು ಇಲಿ ಕಡಿದಂತೆ ಸವೆದಿದ್ದವು. ಅವರ ಮುಖದಲ್ಲಿ ಮೋಸ ಸಿಕ್ಕಿಬಿದ್ದವರ ಕಳೆ ಇರಲಿಲ್ಲ, ನಿಜವಾದ ಬೆರಗಿತ್ತು. "ಮೇಡಂ, ನನಗೆ ಟ್ರೇನಿಂಗಲ್ಲಿ ಹೇಳಿಕೊಟ್ಟಿದ್ದೇ ಹೀಗೆ. ನಮ್ಮ ಮನೆಯಲ್ಲೂ ಇದನ್ನೇ ಮಾಡಿ ತೋರಿಸಿ ನಮ್ಮಾಕೇನ ಅಳಿಸಿಬಿಟ್ಟಿದ್ದೆ" ಅಂದರು. ಚಹಾ ಕುಡಿದು, ಬಿಳಿ ಬಟ್ಟೆ ಮಡಚಿಕೊಂಡು, ಮೆಟ್ಟಿಲು ನೋಡುತ್ತಾ ಇಳಿದುಹೋದರು.

ಕ್ಲೋರಿನಕ್ಕ ಯುದ್ಧ ಗೆದ್ದವಳಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಒಂದೇ ಏಟಿಗೆ ಮೂರು ಕಡೆಯವರಿಗೂ ನೀರು ಕುಡಿಸಿದ್ದಳು. ಆದರೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಜನರ ಮಾತು ಕೇಳಿ ಪಳಗಿದವರು ಅಷ್ಟಕ್ಕೇ ಬಿಡುತ್ತಾರೆಯೇ?

"ಪಾಪ, ಮನೆಗೆ ಬಂದೋರ ಮುಖದ ನೀರಿಳಿಸಿಬಿಟ್ಟೆ" ಅಂದರು ಅತ್ತೆ. "ಇರಲಿ. ಅವರು ಹೇಳಿದ್ದು ಸುಳ್ಳು ಅಂತ ತೋರಿಸಿದೆ. ನೀನು ಹೇಳೋದು ನಿಜ ಅಂತ ಯಾವಾಗ ತೋರಿಸ್ತೀಯ?"

"ಅಂದ್ರೆ?"

"ಊರೆಲ್ಲ ನಲ್ಲಿ ಪರೀಕ್ಷೆ ಮಾಡ್ತೀಯಲ್ಲ, ಈ ಮನೆ ನಲ್ಲೀನ ಯಾವತ್ತಾದ್ರೂ ಮಾಡಿದೀಯಾ?"

ಕ್ಲೋರಿನಕ್ಕ ನಲ್ಲಿಯ ಕಡೆ ತಿರುಗಿ ನೋಡಿದಳು. ಮಾಡಿರಲಿಲ್ಲ. ಪ್ರತಿ ಮಂಗಳವಾರ ಕಟ್ಟಡದ ಎದುರಿನ ಬೀದಿ ನಲ್ಲಿಯನ್ನು ಪರೀಕ್ಷಿಸುತ್ತಿದ್ದಳು, ಅದು ತಪ್ಪದೆ ಗುಲಾಬಿ ಆಗುತ್ತಿತ್ತು. ಇಪ್ಪತ್ತು ಹೆಜ್ಜೆ ಆಚೆ ಸರಿಯಿದ್ದ ನೀರು ಈಚೆ ಯಾಕೆ ಕೆಡುತ್ತದೆ?

"ನಾಳೆನೇ ಮಾಡ್ತೀನಿ. ಮೂರೂ ನೀರನ್ನ" ಅಂದಳು.

ಮರುದಿನ ಅವಳು ಮೂರು ಪುಟ್ಟ ಗಾಜಿನ ಬಾಟಲಿಗಳನ್ನು ತಂದಳು. ಅವುಗಳೊಳಗೆ ಔಷಧಿ ಸವರಿದ ಕಾಗದದ ಪಟ್ಟಿ ಇರುತ್ತದೆ. ನೀರು ತುಂಬಿ ಒಂದು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ, ಕೆಟ್ಟ ನೀರು ಕಪ್ಪಾಗುತ್ತದೆ, ಒಳ್ಳೆಯ ನೀರು ಇದ್ದ ಹಾಗೇ ಇರುತ್ತದೆ. ಕೈ ತೊಳೆದು, ನಲ್ಲಿಯ ಬಾಯಿ ಸುಟ್ಟು, ಎಲ್ಲ ಶಾಸ್ತ್ರೋಕ್ತವಾಗಿ ಮಾಡಿ, ಬಾಟಲಿಗಳ ಮೇಲೆ ಚೀಟಿ ಅಂಟಿಸಿದಳು: ನಾನು, ನೀವು, ಅತ್ತೆ. ಒಲೆಯ ಪಕ್ಕದ ಕಪಾಟಿನಲ್ಲಿ ಸಾಲಾಗಿ ಇಟ್ಟಳು. ಗಂಡ ದಾಟಿದಾಗಲೆಲ್ಲ ಬಾಗಿ ನೋಡಿ, ನಾಡಿ ಹಿಡಿದ ವೈದ್ಯನಂತೆ "ಹೂಂ" ಅನ್ನುತ್ತಿದ್ದ.

ಮಂಗಳವಾರ ಕೆಲಸದಿಂದ ಬಂದು ಚಪ್ಪಲಿ ಬಿಟ್ಟವಳೇ ಕಪಾಟಿನ ಬಾಗಿಲು ತೆರೆದಳು. 'ನೀವು' ಎಂದು ಬರೆದದ್ದು ತಿಳಿಯಾಗಿತ್ತು. 'ಅತ್ತೆ' ಕಪ್ಪಾಗಿತ್ತು. 'ನಾನು' ಎಂಬುದು ಮಸಿಕುಡಿಕೆಯಂತೆ ಕರ್ರಗಿತ್ತು.

ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಬಾಟಲಿ ತೊಳೆದದ್ದು ಸರಿಯಿರಲಿಲ್ಲವೇನೋ ಎಂದುಕೊಂಡಳು. ತಾನೇ ತೊಳೆದಿದ್ದಳು. ಚೀಟಿ ಅದಲುಬದಲಾಯಿತೇನೋ ಎಂದುಕೊಂಡಳು. ಅಕ್ಷರ ತನ್ನದೇ. ಬೆನ್ನ ಹಿಂದೆ ಗಂಡನ ಉಸಿರು ಕೇಳಿಸಿತು. ಜೀವಮಾನದಲ್ಲಿ ಒಮ್ಮೆ ಸಿಗುವ ಅವಕಾಶ ಅದು. ಅವನು ಕೈಯೆತ್ತಿ ಒಂದು ಸುತ್ತು ಕುಣಿದ. ಹೆಂಡತಿ ತಿರುಗಿ ನೋಡಿದ ಮುಖ ಕಂಡು ಎರಡನೇ ಸುತ್ತನ್ನು ಅರ್ಧಕ್ಕೇ ನಿಲ್ಲಿಸಿ, ಒಂದು ಲೋಟ ಕ್ಯಾನಿನ ನೀರು ತಂದು ಅವಳ ಕೈಗಿಟ್ಟ.

"ಕುಡಿಯೇ. ಗಂಟಲು ಒಣಗಿದೆ ನಿಂಗೆ."

ಅವಳು ಕುಡಿದಳು. ಮದುವೆಯಾದ ಮೇಲೆ ಮೊದಲ ಸಲ.

ಆಮೇಲೆ ಕೈಚೀಲದಿಂದ ಪುಡಿಯ ಡಬ್ಬಿ ತೆಗೆದು ನಲ್ಲಿ ನೀರಿಗೆ ಉದುರಿಸಿದಳು. ಗುಲಾಬಿ ಬರಲಿಲ್ಲ. ಇನ್ನೊಂದು ಚಿಟಿಕೆ ಹಾಕಿದಳು. ಆಗಲೂ ಇಲ್ಲ. ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದು, ಬೀದಿ ನಲ್ಲಿಯ ನೀರು ಹಿಡಿದು ಪುಡಿ ಹಾಕಿದಳು. ನೀರು ನಾಚಿದಂತೆ ಗುಲಾಬಿಯಾಯಿತು. ಹಾಗಾದರೆ ಇಲಾಖೆಯ ನೀರು ಕಟ್ಟಡದ ಬಾಗಿಲವರೆಗೆ ಸರಿಯಾಗಿಯೇ ಬರುತ್ತಿತ್ತು. ಬಾಗಿಲಿನಿಂದ ಪಂಪು, ಪಂಪಿನಿಂದ ಮಹಡಿಯ ಮೇಲಿನ ಟ್ಯಾಂಕು, ಟ್ಯಾಂಕಿನಿಂದ ಹನ್ನೆರಡು ಮನೆ. ಕೆಟ್ಟದ್ದು ಈ ದಾರಿಯಲ್ಲೇ ಎಲ್ಲೋ.

"ರೀ, ಬನ್ನಿ ಮೇಲೆ" ಅಂದಳು.

ನಾಲ್ಕನೇ ಮಹಡಿಯ ಮೇಲೆ ತಾರಸಿ. ಮೂಲೆಯಲ್ಲಿ ಕಾಂಕ್ರೀಟಿನ ಟ್ಯಾಂಕು, ಅದಕ್ಕೊಂದು ಕಬ್ಬಿಣದ ಏಣಿ. ಸಂಜೆಯ ಬೆಳಕು ಇನ್ನೂ ಇತ್ತು. ಕ್ಲೋರಿನಕ್ಕ ಸೀರೆ ಎತ್ತಿ ಸಿಕ್ಕಿಸಿ ಹತ್ತಿದಳು. ಗಂಡ ಏಣಿ ಹಿಡಿದುಕೊಂಡ. ಟ್ಯಾಂಕಿನ ಬಾಯಿ ಹಾ ಎಂದು ತೆರೆದುಕೊಂಡಿತ್ತು. ಮುಚ್ಚಳ ಇರಲಿಲ್ಲ.

"ಏನಿದೆಯೇ ಒಳಗೆ?"

"ಪಾರಿವಾಳದ ಪುಕ್ಕ... ಎಲೆ... ಶಟಲ್ ಕಾಕು ಎರಡು..." ಅವಳ ದನಿ ಟ್ಯಾಂಕಿನೊಳಗಿಂದ ಡೊಳ್ಳು ಬಡಿದಂತೆ ಬರುತ್ತಿತ್ತು. "ಒಂದು ಕಾಲುಚೀಲ."

"ಯಾರದು?"

"ಅದನ್ನ ತಿಳ್ಕೊಂಡು ಏನು ಮಾಡ್ತೀರಾ? ಜೋಡಿ ಮಾಡ್ತೀರಾ?"

ಗೋಡೆಯುದ್ದಕ್ಕೂ ಹಸಿರು ಪಾಚಿ ಹಿಡಿದಿತ್ತು. ಕ್ಲೋರಿನ್ ಬಂದದ್ದೆಲ್ಲ ಈ ಕೊಳೆಯ ಜೊತೆ ಗುದ್ದಾಡಿಯೇ ಮುಗಿದುಹೋಗುತ್ತಿತ್ತು, ಕೆಳಗಿನ ಲೋಟಕ್ಕೆ ಏನೂ ಉಳಿಯುತ್ತಿರಲಿಲ್ಲ. ಕೆಳಗಿಳಿದು ಸುತ್ತ ನೋಡಿದರೆ, ತಾರಸಿಯ ಇನ್ನೊಂದು ತುದಿಯಲ್ಲಿ ಟ್ಯಾಂಕಿನ ತಗಡಿನ ಮುಚ್ಚಳ ಅಂಗಾತ ಬಿದ್ದಿತ್ತು. ಅದರಲ್ಲಿ ಆರು ಗುಲಾಬಿ ಗಿಡದ ಕುಂಡಗಳು ತಟ್ಟೆಯಲ್ಲಿಟ್ಟಂತೆ ಜೋಡಿಸಿ ಕೂತಿದ್ದವು. ಪಕ್ಕದಲ್ಲಿ ನಾಲ್ಕನೇ ಮಹಡಿಯ ನಿವೃತ್ತ ಪೋಸ್ಟ್‌ಮ್ಯಾನ್ ತಾತ ಪಾತ್ರೆ ಹಿಡಿದು ನೀರು ಹಾಕುತ್ತಿದ್ದರು.

"ಬಾಮ್ಮ, ಬಾ! ನೋಡು ಎಷ್ಟು ಚೆನ್ನಾಗಿ ಬಂದಿದೆ" ಅಂದರು ಖುಷಿಯಿಂದ.

"ತಾತ, ಈ ಮುಚ್ಚಳ..."

"ಇದಾ? ಎರಡು ತಿಂಗಳ ಹಿಂದೆ ಜೋರು ಗಾಳಿ ಬಂತಲ್ಲ, ಎಲ್ಲಿಂದಲೋ ಹಾರಿ ಬಂದು ಬಿದ್ದಿತ್ತು. ವಾರ ಕಾದೆ, ಯಾರೂ ಕೇಳಲಿಲ್ಲ. ವಿಳಾಸ ಇಲ್ಲದ ಪಾರ್ಸಲ್ಲು ಅಂದ್ಕೊಂಡು ಕುಂಡ ಇಟ್ಟೆ. ನೀರು ಸೋರಿ ತಾರಸಿ ಹಾಳಾಗಲ್ಲ ನೋಡು."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ತಿಂಗಳು. ಅತ್ತೆ ಲೋಟ ಕೆಳಗಿಟ್ಟು ನೀರನ್ನು ಹೊಗಳಿದ್ದು ಸರಿಯಾಗಿ ಆಗಲೇ. ವಾಸನೆ ಹೋಯಿತು ಎಂದು ಅತ್ತೆ ಹೇಳಿದ ದಿನವೇ ಅವಳು ಏಣಿ ಹತ್ತಬೇಕಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳೇ ಕಲಿಸುವ ಮೊದಲ ಪಾಠ ಅದು: ವಾಸನೆ ಬಂದರೆ ಹೆದರಬೇಡಿ, ಇದ್ದ ವಾಸನೆ ಹೋದರೆ ಓಡಿ.

ಕೆಳಗೆ ಬಂದು ಅತ್ತೆಯೆದುರು ಕೂತಳು. "ಅತ್ತೆ, ನಿಮ್ಮ ಮೂಗು ಸರಿಯಾಗಿತ್ತು. ನನ್ನ ಕಿವಿ ಕೆಟ್ಟಿತ್ತು" ಅಂದಳು.

ಅತ್ತೆಗೆ ಮೊದಲ ಸಲಕ್ಕೆ ಕೇಳಿಸಲಿಲ್ಲ. ಕೇಳಿಸಲಿಲ್ಲ ಅಂತ ಅವರು ಹೇಳಿದರು ಅನ್ನೋಣ. ಅವಳು ಇನ್ನೊಂದು ಸಲ, ಗಟ್ಟಿಯಾಗಿ, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳಬೇಕಾಯಿತು.

ಇನ್ನು ಉಳಿದದ್ದು ಕಷ್ಟದ ಕೆಲಸ. ವರ್ಷಗಟ್ಟಲೆ ಹನ್ನೆರಡು ಮನೆಯವರಿಗೆ "ನಲ್ಲಿ ನೀರು ಕುಡೀರಿ, ನಾನು ಗ್ಯಾರಂಟಿ" ಅಂದವಳು ಅವಳೇ. ಒಂದು ಬಿಳಿ ಹಾಳೆ ತೆಗೆದುಕೊಂಡು ದೊಡ್ಡ ಅಕ್ಷರದಲ್ಲಿ ಬರೆದಳು: "ನಮ್ಮ ಟ್ಯಾಂಕಿನ ನೀರು ಸದ್ಯಕ್ಕೆ ಕುಡಿಯಲು ಯೋಗ್ಯವಲ್ಲ. ಚೆನ್ನಾಗಿ ಕುದಿಸಿ ಕುಡಿಯಿರಿ. ಪರೀಕ್ಷೆ ಮಾಡದೆ ಭರವಸೆ ಕೊಟ್ಟದ್ದು ನನ್ನ ತಪ್ಪು." ಕೆಳಗೆ ಸಹಿ ಹಾಕಿದಳು. ಗಂಡ ಓದಿ, "ಕೊನೇ ಸಾಲು ಬೇಕಾ?" ಎಂದು ಮೆಲ್ಲಗೆ ಕೇಳಿದ. "ಬೇಕು" ಅಂದಳು. ಮೆಟ್ಟಿಲ ಬುಡದ ಗೋಡೆಗೆ ಅಂಟಿಸಿ, ಆಮೇಲೆ ಮನೆ ಮನೆಗೆ ಹೋಗಿ ಬಾಯಲ್ಲೂ ಹೇಳಿದಳು.

ಯಾರೂ ಜಗಳಕ್ಕೆ ಬರಲಿಲ್ಲ. ಅದೇ ಅವಳಿಗೆ ಸೋಜಿಗ. ನೆಲಮಹಡಿಯ ಕ್ಷೌರಿಕರು ತಲೆ ಕೆರೆದುಕೊಂಡು, "ಅಕ್ಕ, ತಪ್ಪು ತಿಳೀಬೇಡಿ. ನಾವು ಒಂದು ವರ್ಷದಿಂದ ಬಾಟಲಿ ನೀರೇ ಕುಡಿಯೋದು" ಅಂದರು.

"ಒಂದು ವರ್ಷದಿಂದಾ? ನಾನು ಒಂದಿನಾನೂ ನೋಡಿಲ್ವಲ್ಲ!"

"ನೀವು ನೋಡಬಾರದು ಅಂತ ಟವೆಲ್ ಗಂಟಲ್ಲಿ ಸುತ್ತಿ ತರ್ತೀನಿ."

ಮೊದಲ ಮಹಡಿಯ ಟ್ಯೂಷನ್ ಟೀಚರ್ ತರಕಾರಿ ಚೀಲದಲ್ಲಿ ಸೊಪ್ಪಿನ ಕೆಳಗಿಟ್ಟು ತರುತ್ತಿದ್ದರು. ಮೂರನೇ ಮಹಡಿಯ ದಂಪತಿ ಹಾಸಿಗೆಯ ಅಡಿಯಲ್ಲಿ ಸಣ್ಣದೊಂದು ಫಿಲ್ಟರ್ ಇಟ್ಟುಕೊಂಡಿದ್ದರು, ಅವಳು ಬಂದಾಗ ಹೊದಿಕೆ ಇಳಿಬಿಡುತ್ತಿದ್ದರು. ಗುಲಾಬಿ ತಾತ ಕೂಡ, "ನಾನು ಕುದಿಸ್ತೀನಮ್ಮ, ಕಿಟಕಿ ಹಾಕ್ಕೊಂಡು" ಅಂದರು. ಹನ್ನೆರಡು ಮನೆಯಲ್ಲಿ ನಲ್ಲಿ ನೀರನ್ನು ನಂಬಿ ಹಾಗೇ ಕುಡಿಯುತ್ತಿದ್ದವಳು ಕ್ಲೋರಿನಕ್ಕ ಒಬ್ಬಳೇ.

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮೊದಲು ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಮೇಲೆ, ಅದರಲ್ಲಿ ಸ್ವಲ್ಪ ಬೇರೆಯದೂ ಸೇರಿಕೊಂಡಿತು. ನೀರಿನ ರುಚಿ ಬದಲಾದದ್ದು ಇವರಲ್ಲಿ ಯಾರಿಗಾದರೂ ಗೊತ್ತಾಗಿದ್ದರೂ ಬಂದು ಹೇಳುತ್ತಿರಲಿಲ್ಲ. ಹೇಳಿದರೆ ಭಾಷಣ ಕೇಳಬೇಕಿತ್ತಲ್ಲ! ಟೀಚರು ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದರು. "ನಿಮ್ಮ ಮನಸ್ಸು ನೋಯಿಸಬಾರದು ಅಂತ ಅಷ್ಟೇ" ಅಂದರು.

"ಇನ್ನು ಮುಂದೆ ನೋಯಿಸಿ ಟೀಚರೇ. ದಯವಿಟ್ಟು" ಅಂದಳು ಅವಳು.

ಮುಂದಿನ ಭಾನುವಾರ ಟ್ಯಾಂಕು ತೊಳೆಯುವ ಕೆಲಸ. ನೀರೆಲ್ಲ ಖಾಲಿ ಮಾಡಿದ ಮೇಲೆ ಯಾರು ಒಳಗಿಳಿಯಬೇಕು ಎಂಬ ಪ್ರಶ್ನೆ ಬಂದಾಗ ಕ್ಲೋರಿನಕ್ಕ ಗಂಡನ ಹಳೆಯ ಪ್ಯಾಂಟು ತೊಟ್ಟು ಆಗಲೇ ಏಣಿಯ ಮೇಲಿದ್ದಳು. "ಇದು ನನ್ನ ಪಾಲಿನದು" ಎಂದು ಬ್ರಷ್ಷು ಹಿಡಿದು ಇಳಿದಳು. ಹಿಂದೆಯೇ ಗಂಡನೂ ಇಳಿದ. ಒಳಗಿನ ಹಬೆಗೆ ಅವನ ಕನ್ನಡಕ ಮಂಜಾಗಿ, ಮೊದಲ ಹತ್ತು ನಿಮಿಷ ಹೆಂಡತಿಯ ಬೆನ್ನನ್ನೇ ಗೋಡೆಯೆಂದು ಉಜ್ಜಿದ. ಕ್ಷೌರಿಕರು ಬಕೆಟ್ಟು ಎತ್ತಿದರು, ಟೀಚರು ಸುರಿದರು, ತಾತ ತಮ್ಮ ಕುಂಡಗಳನ್ನು ಒಂದೊಂದಾಗಿ ಇಳಿಸಿ ಮುಚ್ಚಳವನ್ನು ಸೋಪು ಹಾಕಿ ತಿಕ್ಕಿ ಕೊಟ್ಟರು. ಅತ್ತೆ ತಾರಸಿಯಲ್ಲಿ ಕುರ್ಚಿ ಹಾಕಿ ಕೂತು, "ಆ ಮೂಲೆ ಇನ್ನೂ ನಾರ್ತಾ ಇದೆ!" ಎಂದು ಇಪ್ಪತ್ತು ಅಡಿ ದೂರದಿಂದ ಮೂಗಿನಲ್ಲೇ ಮೇಲ್ವಿಚಾರಣೆ ನಡೆಸಿದರು. ಅವರು ತೋರಿಸಿದ ಮೂಲೆಯಲ್ಲಿ ಪ್ರತಿ ಸಲವೂ ಪಾಚಿ ಇತ್ತು. ಕೊನೆಗೆ ಬ್ಲೀಚಿಂಗ್ ಪೌಡರ್ ಕದಡಿದ ನೀರು ತುಂಬಿ, ಕಾದು, ಖಾಲಿ ಮಾಡಿ, ಹೊಸ ನೀರು ಹತ್ತಿಸಿ, ಮುಚ್ಚಳಕ್ಕೆ ತಂತಿ ಬಿಗಿದರು.

ಎರಡು ದಿನದ ಮೇಲೆ ಮತ್ತೆ ಕಪಾಟಿನ ಪರೀಕ್ಷೆ. ಈ ಸಲ 'ನಾನು' ತಿಳಿಯಾಗಿತ್ತು. ಫಿಲ್ಟರಿನ ಕ್ಯಾಂಡಲನ್ನು ಅತ್ತೆ ತಾವೇ ಉಜ್ಜಿ ಕುದಿಸಿದ್ದರು, ಅದೂ ತಿಳಿ. ಊಟದ ಹೊತ್ತಿಗೆ ಅತ್ತೆ ನಲ್ಲಿಯ ನೀರನ್ನು ಒಂದು ಗುಟುಕು ಕುಡಿದು ಮುಖ ಹಿಂಡಿದರು.

"ಥೂ! ಮತ್ತೆ ಬಂತು ನೋಡು ಆಸ್ಪತ್ರೆ!"

ಕ್ಲೋರಿನಕ್ಕ ಎದ್ದು ಹೋಗಿ ಅತ್ತೆಯನ್ನು ಅಪ್ಪಿಕೊಂಡಳು. ಅತ್ತೆ ಗಾಬರಿಯಾಗಿ ಮಗನ ಕಡೆ ನೋಡಿದರು. ಆಮೇಲೆ ಅವಳು ಒಂದು ಸ್ಟೀಲ್ ಜಗ್ಗಿನಲ್ಲಿ ನೀರು ಹಿಡಿದು, ಮೇಲೆ ತಟ್ಟೆ ಮುಚ್ಚಿ, "ಅರ್ಧ ದಿನ ಹೀಗೇ ಬಿಡಿ ಅತ್ತೆ, ವಾಸನೆ ತಾನಾಗೇ ಕಡಿಮೆಯಾಗುತ್ತೆ. ಬೇಕಾದ್ರೆ ನಿಮ್ಮ ಫಿಲ್ಟರಿಗೇ ಹಾಕಿ. ನಿಮಗೆ ಯಾವುದು ಹಿಡಿಸುತ್ತೋ ಅದು" ಅಂದಳು. ನಿಮಗೆ ಯಾವುದು ಹಿಡಿಸುತ್ತೋ ಅದು ಎಂಬ ಮಾತು ಅವಳ ಬಾಯಿಂದ ಬಂದದ್ದು ಕೇಳಿ ಗಂಡ ಊಟ ನಿಲ್ಲಿಸಿದ. ಆ ವಾರದಿಂದ ಅವನೂ ಕ್ಯಾನಿನ ಸಂಖ್ಯೆ ಇಳಿಸಿ, ಮನೆಯಲ್ಲಿ ನಲ್ಲಿ ನೀರು, ಅಂಗಡಿಯಲ್ಲಿ ಕ್ಯಾನಿನ ನೀರು ಎಂದು ರಾಜಿ ಮಾಡಿಕೊಂಡ. ಗಿರಾಕಿಗಳಿಗೆ ಅದು ನೋಡಲು ಚೆನ್ನಾಗಿರುತ್ತದಂತೆ.

ಇನ್ನೊಂದು ಬಾಕಿ ಇತ್ತು. ಅವಳು ಕ್ಯಾಂಟೀನಿಗೆ ಹೋಗಿ, ಆವತ್ತಿದ್ದ ನಾಲ್ಕು ಜನರನ್ನೇ ಹುಡುಕಿ ಕರೆತಂದು ಎದುರಿಗೆ ನಿಲ್ಲಿಸಿ, "ನಿಮ್ಮ ಬನ್ನು ಚೆನ್ನಾಗಿತ್ತು. ಕೆಟ್ಟಿದ್ದು ನಮ್ಮ ಮನೆ ನೀರು" ಅಂದಳು. ಕ್ಯಾಂಟೀನಿನವರು ಎರಡು ಬನ್ನು ತಟ್ಟೆಯಲ್ಲಿಟ್ಟು ಮುಂದೆ ತಳ್ಳಿದರು. ಎರಡನ್ನೂ ತಿಂದು ಮುಗಿಸುವವರೆಗೆ ಅವರು ಅಲ್ಲಿಂದ ಕದಲಲಿಲ್ಲ.

ಇದೆಲ್ಲ ನಡೆದು ನಾಲ್ಕು ವರ್ಷವಾಯಿತು. ಕ್ಲೋರಿನಕ್ಕ ಈಗ ನಿವೃತ್ತಳು. ಬೀಳ್ಕೊಡುಗೆಯ ದಿನ ಅವಳು ಮಾತಿಗೆ ನಿಂತಾಗ ಸಭೆಯವರು ಒಂದು ಗಂಟೆಗೆ ತಯಾರಾಗಿ ಕೂತರು. ಅವಳು ಆಡಿದ್ದು ಎರಡೇ ಮಾತು: "ನಲ್ಲಿಯವರೆಗೆ ನೀರು ನಮ್ಮದು, ಲೋಟದವರೆಗೆ ಎಲ್ಲರದು. ಯಾರಾದ್ರೂ ನೀರು ಸರಿಯಿಲ್ಲ ಅಂದ್ರೆ ಮೊದಲು ಕೇಳಿ, ಆಮೇಲೆ ಹೇಳಿ." ಹೊರಗೆ ಬಂದರೆ ಗಂಡ ಕಾಯುತ್ತಿದ್ದ, ಕೈಯಲ್ಲಿ ಮಡಚುವ ಅಲ್ಯೂಮಿನಿಯಂ ಏಣಿ. ನಿವೃತ್ತಿಗೆ ಹೆಂಡತಿಗೆ ಏಣಿ ಉಡುಗೊರೆ ಕೊಟ್ಟ ಗಂಡ ಆ ಇಲಾಖೆಯ ಇತಿಹಾಸದಲ್ಲೇ ಅವನೊಬ್ಬನೇ.

ಆ ಏಣಿ ಗೋಡೆಗೆ ಒರಗಿ ಸುಮ್ಮನಿದ್ದದ್ದು ಕಡಿಮೆ. ಬೀದಿಯಲ್ಲಿ ಈಗ ಯಾರ ನೀರಿನ ರುಚಿ ಕೊಂಚ ಬದಲಾದರೂ ಮೊದಲು ತಟ್ಟುವುದು ಇವಳ ಮನೆಯ ಬಾಗಿಲನ್ನು. ಅವಳು ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ನಡುನಡುವೆ ತುಟಿ ಅದುರುತ್ತದೆ, ಭಾಷಣ ಗಂಟಲವರೆಗೆ ಬಂದು ನಿಂತದ್ದು ಎದುರಿಗಿದ್ದವರಿಗೂ ಕಾಣುತ್ತದೆ, ಆದರೂ ತಡೆದುಕೊಳ್ಳುತ್ತಾಳೆ. ಆಮೇಲೆ ಏಣಿಯ ಒಂದು ತುದಿ ಅವಳ ಹೆಗಲಿಗೆ, ಇನ್ನೊಂದು ತುದಿ ಗಂಡನ ಹೆಗಲಿಗೆ. ಕನ್ನಡಕದಂಗಡಿ ಮುಚ್ಚಿರುವ ಮಂಗಳವಾರ ಬೆಳಿಗ್ಗೆಗಳಲ್ಲಿ ಇಬ್ಬರೂ ಹಾಗೆ ಬೀದಿಯ ಅಂಚಿನಲ್ಲಿ ನಡೆದುಹೋಗುವಾಗ ಸೈಕಲ್ಲಿನವರು ತಲೆ ಬಗ್ಗಿಸಿ ದಾರಿ ಬಿಡುತ್ತಾರೆ. ಮುಂದಿನವಳದು ತ್ವರೆ, ಹಿಂದಿನವನದು ನಿಧಾನ, ಏಣಿ ನಡುವೆ ಓಲಾಡುತ್ತದೆ. ಎರಡನೇ ಮಹಡಿಯ ಕಿಟಕಿಯಿಂದ ಎಂಬತ್ತರ ಅತ್ತೆ ಬಗ್ಗಿ ಕೂಗುತ್ತಾರೆ:

"ಲೈಟ್ ಕಂಬ ನೋಡ್ಕೊಂಡು ತಿರುಗಿಸ್ರೋ ಇಬ್ರೂ!"